ಅಜ್ಜನ ಕಿಸೆ ಗಡಿಯಾರ ಕೈಗೆ ಬರುವ ದಾರಿ

ಅಂಗಳಕ್ಕೆ ಅಡಿಕೆ ಬಿದ್ದ ಮೇಲೆಯೇ ನಾನು ವಾಚು ಬಿಚ್ಚುವುದು. ಕಾಸರಗೋಡಿನ ನಮ್ಮ ಬದಿಯಡ್ಕ, ಪೆರ್ಲದ ಕಡೆ ಮಳೆಗಾಲದಲ್ಲಿ ಗೋಡೆಯೂ ಬೆವರುತ್ತದೆ, ಕಪಾಟಿನ ಪುಸ್ತಕಕ್ಕೂ ಬೂಷ್ಟು ಹಿಡಿಯುತ್ತದೆ. ಎಣ್ಣೆ ಪಸೆ ತೆಗೆದ ಉಕ್ಕಿನ ಭಾಗವನ್ನು ಆಟಿ ತಿಂಗಳಲ್ಲಿ ಒಂದು ರಾತ್ರಿ ಮೇಜಿನ ಮೇಲೆ ಬಿಟ್ಟರೆ ಬೆಳಿಗ್ಗೆ ಅದರ ಮೇಲೆ ಕಂದು ಚುಕ್ಕಿ. ಶುರುವಿಗೆ ನಾನೊಂದು ಒಳ್ಳೆಯ ಮೆಷಿನನ್ನು, ಅಂದರೆ ವಾಚಿನೊಳಗಿನ ಯಂತ್ರವನ್ನು, ಹೀಗೆಯೇ ಕಳೆದುಕೊಂಡೆ. ಆದ್ದರಿಂದ ನನ್ನ ಮೊದಲ ಸೂಚನೆಗೂ ವಾಚಿಗೂ ಸಂಬಂಧವಿಲ್ಲ, ಪಂಚಾಂಗಕ್ಕೆ ಸಂಬಂಧ: ದೀಪಾವಳಿ ಕಳೆಯಲಿ. ಅಡಿಕೆ ಒಣಗುವ ಬಿಸಿಲಿದ್ದರೆ ವಾಚು ಬಿಚ್ಚಲೂ ಅಡ್ಡಿಯಿಲ್ಲ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕಿಸೆ ಗಡಿಯಾರ ಅಪರೂಪದ ವಸ್ತುವೇನಲ್ಲ. 1907ರಲ್ಲಿ ರೈಲು ಮಂಗಳೂರಿನ ತನಕ ಬಂತು. ಕಾಸರಗೋಡು ಆಗ ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗೆ. ಪಟೇಲರ ಮನೆ, ಶಾನುಭೋಗರ ಮನೆ, ವ್ಯಾಪಾರಸ್ಥರ ಮನೆಗಳಿಗೆ ಮುಂಬಯಿ ದಾರಿಯಾಗಿ ಸ್ವಿಸ್ ಗಡಿಯಾರಗಳು ಬಂದವು. ಡಯಲಿನ ಮೇಲೆ ವೆಸ್ಟ್ ಎಂಡ್ ವಾಚ್ ಕಂಪೆನಿಯ ಹೆಸರು ಇವತ್ತಿಗೂ ಸಿಗುತ್ತದೆ. 1961ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿಯವರು ಕೈಗಡಿಯಾರ ಮಾಡತೊಡಗಿದರು, ಆಮೇಲೆ ಗಲ್ಫಿನಿಂದ ಮಕ್ಕಳು ಬ್ಯಾಟರಿ ವಾಚು ತಂದರು. ಅಜ್ಜನ ಗಡಿಯಾರ ಪತ್ತಾಯದ ಮೇಲಿನ ಪೆಟ್ಟಿಗೆ ಸೇರಿತು. ಬೆಳ್ಳಿಗೆ ರೇಟು ಬಂದಾಗ ಅದರ ಕೇಸು ಅಕ್ಕಸಾಲಿಗನ ಮೂಸೆಗೂ ಸೇರಿತು. ಉಳಿದದ್ದು ಡಯಲು, ಮುಳ್ಳು, ಒಳಗಿನ ಮೆಷಿನ್.

ನಾನು ಕೈಗೆ ಕಟ್ಟುವಂತೆ ಮಾಡುವುದು ಹೀಗೆ ಕೇಸು ಕಳೆದುಕೊಂಡವನ್ನು ಮಾತ್ರ. ಬೆಳ್ಳಿಯ ಕೇಸು, ಮುಚ್ಚಳ, ಸರಪಳಿ ಎಲ್ಲ ಸರಿಯಿರುವ ಗಡಿಯಾರವನ್ನು ಬಿಡಿಸಿ ಸ್ಟೀಲಿನ ಕೇಸಿಗೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದನ್ನು ರಿಪೇರಿ ಮಾಡಿಸಿ ಕಿಸೆಯಲ್ಲೇ ಇಟ್ಟುಕೊಳ್ಳಿ. ಇನ್ನೊಂದು ಕಟ್ಟುಪಾಡು: ಮೆಷಿನಿಗೆ ತೂತು ಕೊರೆಯಬಾರದು, ಅರ ಹಾಕಬಾರದು, ಡಯಲಿನ ಕಾಲು ಮುರಿಯಬಾರದು. ನಾಳೆ ಎಲ್ಲಿಂದಲೋ ಮೂಲ ಕೇಸು ಸಿಕ್ಕಿತು ಅನ್ನಿ, ಅರ್ಧ ಗಂಟೆಯಲ್ಲಿ ಮೆಷಿನ್ ಅದರೊಳಗೆ ಕೂರುವಂತಿರಬೇಕು. ಮುಂದೆ ಹೇಳುವುದೆಲ್ಲ ಈ ಎರಡು ಮಾತಿಗೆ ಕಟ್ಟುಬಿದ್ದೇ.

ಯಾವ ಮೆಷಿನ್ ಆದೀತು

ಹಿಂದಿನ ಮುಚ್ಚಳ ಉಳಿದಿದ್ದರೆ ತೆಗೆದು, ಅತ್ತಿತ್ತ ಆಡುವ ಬ್ಯಾಲೆನ್ಸ್ ಚಕ್ರದ ಪಕ್ಕ ಐಗ್ಲಾಸಿನಲ್ಲಿ (ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ) ನೋಡಿ. ಪುಟ್ಟ ಲಂಗರಿನ ಹಾಗಿರುವ ಒಂದು ಕವಲು, ಅದರ ಎರಡು ತುದಿಯಲ್ಲಿ ಕೆಂಪು ಕಲ್ಲು ಕಂಡರೆ ಅದು ಲಿವರ್ ಮೆಷಿನ್. ನಮಗೆ ಬೇಕಾದದ್ದು ಅದೇ. ಕವಲೇ ಇಲ್ಲ, ಚಕ್ರದ ಹಲ್ಲುಗಳು ಕಾಲಿನ ಮೇಲೆ ಎದ್ದು ನಿಂತ ಹಾಗಿವೆ ಅಂದರೆ ಸಿಲಿಂಡರ್ ಮೆಷಿನ್. ಸವೆದುಹೋದರೆ ಅದನ್ನು ಸರಿಮಾಡುವವರು ಈಗ ಸಿಗುವುದು ಕಷ್ಟ, ಬಿಟ್ಟುಬಿಡಿ. ಒಳ ಮುಚ್ಚಳ ಉಳಿದಿದ್ದರೆ ಅದರ ಮೇಲೆ ಫ್ರೆಂಚಿನಲ್ಲೇ ಬರೆದಿರುತ್ತದೆ. ‘ಆಂಕ್ರ್’ ಅಂದರೆ ಲಂಗರು, ಅಂದರೆ ಲಿವರ್. ‘ಸಿಲಿಂಡ್ರ್’ ಅಂದರೆ ಅರ್ಥ ಹೇಳಬೇಕಿಲ್ಲ. ‘ರೆಮಂಟ್ವಾರ್’ ಅಂತ ಇದ್ದರೆ ಬೇರೆ ಚಾವಿ ಬೇಡ, ಗುಂಡಿ ತಿರುಗಿಸಿಯೇ ಕೀ ಕೊಡಬಹುದು. ಪ್ರತ್ಯೇಕ ಚಾವಿಯಿಂದ ಕೀ ಕೊಡುವ ತೀರಾ ಹಳೆಯವು ಕೈಗೆ ಕಟ್ಟಲು ಆಗುವುದಿಲ್ಲ, ಕಟ್ಟಿದರೂ ದಿನಾ ಗಾಜು ಅಥವಾ ಮುಚ್ಚಳ ತೆಗೆಯಬೇಕು.

ಮೆಷಿನಿನಲ್ಲಿ ಕೂರಿಸಿದ ಕೆಂಪು ಕಲ್ಲು ಎಣಿಸಿ, ಅಚ್ಚುಗಳು ಸವೆಯದಂತೆ ಕಾಯುವುದು ಅವೇ. 15 ಕಲ್ಲಿನ ಲಿವರ್ ಮೆಷಿನ್ ಆದರೆ ಧೈರ್ಯವಾಗಿ ಕೈಹಾಕಬಹುದು. ಕವಲಿನಲ್ಲಿ ಕಲ್ಲಿನ ಬದಲು ಉಕ್ಕಿನ ಸಣ್ಣ ಕಡ್ಡಿಗಳಿದ್ದರೆ ಅದು ಅಗ್ಗದ ಮಾಲು, ಖರ್ಚು ಮಾಡಿದ್ದು ಹುಟ್ಟುವುದಿಲ್ಲ.

ಸ್ವಿಸ್ಸೋ ಅಮೆರಿಕದ್ದೋ ಎಂಬುದೂ ಮುಖ್ಯ. ಅಮೆರಿಕದ ರೈಲ್ವೆ ಗಡಿಯಾರಗಳ ಹೊಳಪು ನೋಡಿ ಮರುಳಾದವರಲ್ಲಿ ನಾನೂ ಒಬ್ಬ. ಅವುಗಳಲ್ಲಿ ಎಷ್ಟೋ ಮೆಷಿನುಗಳಿಗೆ ಮುಳ್ಳು ತಿರುಗಿಸಬೇಕಾದರೆ ಗಾಜಿನ ಬಳೆ ಬಿಚ್ಚಿ ಡಯಲಿನ ಅಂಚಿನಿಂದ ಒಂದು ಕಡ್ಡಿ ಎಳೆಯಬೇಕು. ಮತ್ತೆ ಕೆಲವಕ್ಕೆ ಗುಂಡಿಯನ್ನು ಒಳಗೆ, ಹೊರಗೆ ಹಿಡಿದು ನಿಲ್ಲಿಸುವ ಏರ್ಪಾಡು ಮೆಷಿನಿನಲ್ಲಿಲ್ಲ, ಕೇಸಿನ ಕೊರಳಿನಲ್ಲಿದೆ. ಕೇಸು ಹೋದರೆ ಅದೂ ಹೋಯಿತು. ಸ್ವಿಸ್ ಮೆಷಿನಿನಲ್ಲಿ ಆ ಕೆಲಸವೆಲ್ಲ ಒಳಗೇ ಇರುತ್ತದೆ. ಒಂದು ಸ್ಕ್ರೂ ಸಡಿಲಿಸಿದರೆ ರಾಡು, ಅಂದರೆ ಗುಂಡಿಯಿಂದ ಮೆಷಿನಿನೊಳಗೆ ಹೋಗುವ ಕಡ್ಡಿ, ಹೊರಗೆ ಬರುತ್ತದೆ. ಮೊದಲ ಸಲ ಮಾಡುವವರು ಸ್ವಿಸ್ ಬಿಟ್ಟು ಬೇರೆ ಮುಟ್ಟಬೇಡಿ.

ಆಮೇಲೆ ಬ್ಯಾಲೆನ್ಸ್. ಸ್ವಲ್ಪ ಕೀ ಕೊಟ್ಟು ಡಯಲು ಮೇಲೆ ಮಾಡಿ ಹಿಡಿಯಿರಿ, ಆಮೇಲೆ ಡಯಲು ಕೆಳಗೆ. ಎರಡರಲ್ಲೂ ಚಕ್ರ ಒಂದೇ ಹುರುಪಿನಲ್ಲಿ ಆಡಬೇಕು. ಒಂದು ಕಡೆ ಜೋರು, ಇನ್ನೊಂದು ಕಡೆ ಮಂದ ಅಂದರೆ ಅದರ ಅಚ್ಚಿನ ತುದಿ ಸವೆದಿದೆ ಅಥವಾ ಮುರಿದಿದೆ. ಆ ತುದಿಯ ದಪ್ಪ ಮಿಲ್ಲಿಮೀಟರಿನ ಹತ್ತರಲ್ಲಿ ಒಂದು ಪಾಲಿನ ಆಸುಪಾಸು. ಹೊಸ ಅಚ್ಚು ಕಡೆಯಲು ವಾಚಿನ ಪುಟ್ಟ ಲೇತು, ಅದಕ್ಕಿಂತ ಹೆಚ್ಚಾಗಿ ಪಳಗಿದ ಕೈ ಬೇಕು.

ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಒಂದು ಮಾತು: ಡಯಲಿನ ಮೇಲೆ ದೊಡ್ಡ ಅಕ್ಷರದಲ್ಲಿ ಯಾವುದೋ ರೈಲ್ವೆಯ ಹೆಸರು, ರೈಲಿನ ಚಿತ್ರ, ಬಣ್ಣ ಫಳಫಳ ಅಂತ ಕಂಡರೆ ಅದು ಮೊನ್ನೆ ಮೊನ್ನೆ ಬಳಿದ ಡಯಲು ಅಂತಲೇ ತಿಳಿಯಿರಿ. ಮೆಷಿನಿನ ಫೋಟೋ ಕೊಡದವರಿಂದ ಕೊಳ್ಳಬೇಡಿ.

ಗುಂಡಿ ಎಲ್ಲಿದೆ, ಸೆಕೆಂಡು ಎಲ್ಲಿದೆ

ಎಲ್ಲರೂ ಎಡವುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಿಸೆ ಗಡಿಯಾರದ ಮೆಷಿನಿನಲ್ಲಿ ಎರಡು ಜಾತಿ. ಮುಚ್ಚಳವಿಲ್ಲದ, ಬರಿಯ ಗಾಜಿನ ಗಡಿಯಾರದಲ್ಲಿ ಗುಂಡಿ 12ರ ನೆತ್ತಿಯ ಮೇಲೆ, ಸೆಕೆಂಡಿನ ಸಣ್ಣ ಮುಳ್ಳು ಅದರ ನೇರ ಎದುರು 6ರಲ್ಲಿ. ಇದಕ್ಕೆ ಲೆಪಿನ್ ಅನ್ನುತ್ತಾರೆ. ಮುಚ್ಚಳವಿದ್ದ ಗಡಿಯಾರದಲ್ಲಿ ಗುಂಡಿ 3ರಲ್ಲಿ, ಸೆಕೆಂಡು 6ರಲ್ಲಿ. ಇದು ಸವೊನೆಟ್. ಕೈಗಡಿಯಾರದ ಗುಂಡಿಯೂ 3ರಲ್ಲೇ ಇರುವುದರಿಂದ ಸವೊನೆಟ್ ಮೆಷಿನ್ ಇದ್ದ ಡಯಲಿನ ಸಮೇತ ಹಾಗೇ ಕೂರುತ್ತದೆ. ಸಿಕ್ಕಿದರೆ ಅದೃಷ್ಟ.

ಲೆಪಿನ್ ಸಿಕ್ಕಿದರೆ? ಕೇಸಿನಲ್ಲಿ ಗುಂಡಿ 3ಕ್ಕೆ ಬರುವಂತೆ ತಿರುಗಿಸಿಟ್ಟರೆ ಡಯಲಿನ 12 ಬೆರಳುಗಳ ಕಡೆ ಮಲಗುತ್ತದೆ. ಡಯಲನ್ನು ಮಾತ್ರ ತಿರುಗಿಸಿದರಾಯಿತಲ್ಲ ಅನ್ನುತ್ತೀರಿ. ಆಗುವುದಿಲ್ಲ. ಸೆಕೆಂಡಿನ ಅಚ್ಚು ಈಗ 9ರಲ್ಲಿದೆ, ಡಯಲಿನ ತೂತು 6ರಲ್ಲಿದೆ. ಕಿಸೆ ಗಡಿಯಾರದಿಂದಲೇ ಕೈಗೆ ಬಂದ ಯೂನಿಟಾಸ್ ಎಂಬ ಹೆಸರಾಂತ ಸ್ವಿಸ್ ಮೆಷಿನಿನ ಎರಡು ನಂಬರುಗಳನ್ನು ನೋಡಿ: 6497ರಲ್ಲಿ ಸೆಕೆಂಡು 9ರಲ್ಲಿ, 6498ರಲ್ಲಿ 6ರಲ್ಲಿ. ಮೊದಲಿನದು ಲೆಪಿನ್, ಎರಡನೆಯದು ಸವೊನೆಟ್, ಅಷ್ಟೇ ವ್ಯತ್ಯಾಸ. ಎರಡರ ಅಡ್ಡಗಲವೂ 36.6 ಮಿ.ಮೀ.

ಲೆಪಿನ್ ಇದ್ದವರಿಗೆ ಎರಡು ದಾರಿ. ಒಂದು, ಸೆಕೆಂಡಿನ ತೂತು 9ರಲ್ಲಿರುವ ಹೊಸ ಡಯಲು ಮಾಡಿಸುವುದು. ಹಳೆಯ ಡಯಲನ್ನು ಹತ್ತಿಯಲ್ಲಿ ಸುತ್ತಿ ಇಡುವುದು. ಇನ್ನೊಂದು, ಗುಂಡಿ 12ರಲ್ಲೇ ಇರುವಂತೆ ಕೇಸು ಮಾಡಿಸುವುದು. ಆಗ ಗುಂಡಿ ಮೇಲಿನ ಪಟ್ಟಿ ಸಿಕ್ಕಿಸುವ ಎರಡು ಕಿವಿಗಳ ನಡುವೆ ಬರುತ್ತದೆ, ಕೀ ಕೊಡಲು ಪ್ರತಿ ಸಲ ವಾಚು ಕಳಚಬೇಕು. ನನಗೆ ಈ ಎರಡನೆಯದೇ ಇಷ್ಟ. ಅಜ್ಜ ನೋಡಿದ ಡಯಲನ್ನೇ ನಾನೂ ನೋಡುತ್ತೇನಲ್ಲ. ಕೈಯಿಂದ ಕಳಚಿ ಕೀ ಕೊಡುವುದು ಮೆಷಿನಿಗೂ ಒಳ್ಳೆಯದು, ರಾಡು ಓರೆಯಾಗಿ ಬಾಗುವುದಿಲ್ಲ.

ಅಳತೆ, ಕೇಸು, ಹಿತ್ತಾಳೆಯ ಬಳೆ

ಹಳೆಯ ಸ್ವಿಸ್ ಮೆಷಿನಿನ ಗಾತ್ರವನ್ನು ಲೀನ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಲೀನ್ ಅಂದರೆ 2.256 ಮಿ.ಮೀ. 19 ಲೀನಿನ ಮೆಷಿನ್ ಸುಮಾರು 42.9 ಮಿ.ಮೀ. ಆಯಿತು. ಅದಕ್ಕೆ ಕೇಸು ಅಂದರೆ ಹೊರಗಲ 48, 50 ಆಗಿಯೇ ಆಗುತ್ತದೆ. ಸಪೂರ ಕೈಯವರು ಅದನ್ನು ಕಟ್ಟಿದರೆ ಮುಂಗೈಗೆ ದೋಸೆ ಕಾವಲಿ ಕಟ್ಟಿಕೊಂಡ ಹಾಗೆ ಕಾಣುತ್ತದೆ. 16 ಲೀನಿನ ಒಳಗಿನದು ಸಿಕ್ಕಿದರೆ ನೋಡಲು ಚಂದ. ಹೆಂಗಸರಿಗಾಗಿ ಮಾಡಿದ ಪುಟ್ಟ ಗಡಿಯಾರಗಳು ಗಾತ್ರಕ್ಕೆ ಹೇಳಿ ಮಾಡಿಸಿದಂತಿರುತ್ತವೆ, ಆದರೆ ಅವುಗಳಲ್ಲಿ ಎಷ್ಟೋ ಸಿಲಿಂಡರ್ ಜಾತಿಯವು. ಮೊದಲ ಮಹಾಯುದ್ಧದಲ್ಲಿ ಸೈನಿಕರು ಕಟ್ಟಿಕೊಂಡದ್ದೂ ಇಂಥ ಸಣ್ಣ ಕಿಸೆ ಗಡಿಯಾರದ ಮೆಷಿನುಗಳೇ, ಕೇಸಿಗೆ ತಂತಿಯ ಕಿವಿ ಬೆಸೆದು.

ಕಿಸೆ ಗಡಿಯಾರದ ಮೆಷಿನಿಗೆಂದೇ ಮಾಡಿದ ದೊಡ್ಡ ಸ್ಟೀಲ್ ಕೇಸುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ತರಿಸುವ ಮೊದಲು ವರ್ನಿಯರಿನಲ್ಲಿ ನಾಲ್ಕು ಅಳತೆ ತೆಗೆದು ಚೀಟಿಯಲ್ಲಿ ಬರೆಯಿರಿ. ಡಯಲಿನ ಅಡ್ಡಗಲ, ಡಯಲಿನ ಕೆಳಗಿನ ತಟ್ಟೆಯ ಅಡ್ಡಗಲ, ಸೇತುವೆಗಳಿಂದ (ಚಕ್ರಗಳನ್ನು ಹಿಂಬದಿಯಿಂದ ಹಿಡಿದಿಡುವ ತುಂಡುಗಳು) ಮುಳ್ಳಿನ ತುದಿಯವರೆಗಿನ ಒಟ್ಟು ಎತ್ತರ, ನಾಲ್ಕನೆಯದಾಗಿ ಡಯಲು ಕೂರುವ ಮಟ್ಟದಿಂದ ರಾಡು ಹೊಗುವ ತೂತಿನ ನಡುವಿನವರೆಗಿನ ದೂರ. ಈ ನಾಲ್ಕನೆಯದನ್ನು ಮರೆತವರು ಮತ್ತೆ ದುಡ್ಡು ಕಟ್ಟುತ್ತಾರೆ. ಮೆಷಿನಿನ ತೂತೂ ಕೇಸಿನ ತೂತೂ ಒಂದೇ ನೇರದಲ್ಲಿ ಇರದಿದ್ದರೆ ರಾಡು ಉಜ್ಜುತ್ತದೆ, ಕೀ ಕೊಡುವಾಗ ಬಿಗಿ ಬಡಿಯುತ್ತದೆ, ಕೊನೆಗೆ ಒಂದು ದಿನ ಪಟ್ಟನೆ ಮುರಿಯುತ್ತದೆ.

ಕೇಸಿಗೂ ಮೆಷಿನಿಗೂ ನಡುವೆ ಉಳಿಯುವ ಸಂದಿಗೆ ಒಂದು ಬಳೆ ಬೇಕು. ಪ್ಲಾಸ್ಟಿಕಿನಲ್ಲಿ ಮಾಡುವವರಿದ್ದಾರೆ, ನನಗೆ ಹಿತ್ತಾಳೆಯೇ ಆಗಬೇಕು. ಬಳೆಯ ಒಳಗೆ ಮೆಟ್ಟಿಲಿನ ಹಾಗೆ ಒಂದು ಅಂಚು ಬಿಡಿಸಿದರೆ ತಟ್ಟೆ ಅದರ ಮೇಲೆ ಕೂರುತ್ತದೆ; ಆ ಅಂಚಿನ ಎತ್ತರ ಹೆಚ್ಚುಕಡಿಮೆ ಮಾಡಿ ರಾಡಿನ ತೂತನ್ನು ನೇರಕ್ಕೆ ತರಬಹುದು. ನಾನು ಇದನ್ನು ಮಾಡಿಸಿದ್ದು ಪಂಪ್‌ಸೆಟ್ಟಿನ ಬುಷ್, ಅಡಿಕೆಗೆ ಮದ್ದು ಬಿಡುವ ಪಂಪಿನ ಬಿಡಿಭಾಗ ಕಡೆಯುವ ಲೇತಿನಲ್ಲಿ.

“ಎಷ್ಟು ಗೇಜು ಮಾಷ್ಟ್ರೇ?” ಲೇತಿನವನು ಕೇಳಿದ.

“ಗೇಜಲ್ಲ ಮಾರಾಯಾ, ಮಿಲ್ಲಿಮೀಟರಿನ ಹತ್ತರಲ್ಲಿ ಒಂದು ಪಾಲು ಆಚೀಚೆ ಆಗ್ಬಾರ್ದು.”

ಅವನು ನನ್ನ ಮುಖ ನೋಡಿ, ಬೀಡಿ ಆರಿಸಿ, ಕೈ ತೊಳೆದು ಬಂದ. ಮೊದಲನೆಯ ಬಳೆ ಸಡಿಲಾಯಿತು, ಎರಡನೆಯದು ಕೂತಿತು. ಬಳೆಗೆ ರಾಡು ಹೊಗಲು ತೂತು, ಮೆಷಿನಿನ ಮೂಲ ಕೇಸ್ ಸ್ಕ್ರೂಗಳ ತಲೆ ಹಿಡಿಯಲು ಸಣ್ಣ ತಗ್ಗು, ಇಷ್ಟು ಸಾಕು. ಕೊರೆಯುವುದೆಲ್ಲ ಬಳೆಗೆ, ಮೆಷಿನಿಗಲ್ಲ.

ಬಿಚ್ಚುವುದು

ಸಾಮಾನು ಹೆಚ್ಚು ಬೇಡ. ಸಾಣೆ ಹಿಡಿದ ಸಣ್ಣ ಸ್ಕ್ರೂಡ್ರೈವರುಗಳು, ಎರಡು ಒಳ್ಳೆಯ ಚಿಮಟ, ಐಗ್ಲಾಸು, ಮೆಷಿನ್ ಕೂರಿಸುವ ಹಿಡಿಕೆ, ಮುಳ್ಳು ಎತ್ತುವ ಸನ್ನೆಗಳು, ಗಾಳಿ ಊದುವ ರಬ್ಬರ್ ಉಂಡೆ, ಮುಚ್ಚಳವಿರುವ ಗಾಜಿನ ಕುಪ್ಪಿಗಳು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ಅಂಚನ್ನು ಮಡಿಲಿಗೆ ಎಳೆದುಕೊಳ್ಳಿ. ಬಿದ್ದ ಸ್ಕ್ರೂ ನೆಲಕ್ಕೆ ಹೋಗದೆ ಮಡಿಲಿಗೆ ಬರುತ್ತದೆ. ಫ್ಯಾನ್ ಬಂದ್. ಪ್ರತಿ ಸ್ಕ್ರೂ ತೆಗೆಯುವ ಮೊದಲೊಂದು, ತೆಗೆದ ಮೇಲೊಂದು ಫೋಟೋ.

ಮೊಟ್ಟಮೊದಲು ಸ್ಪ್ರಿಂಗಿನ ಬಲ ಇಳಿಸಬೇಕು. ಗುಂಡಿಯನ್ನು ಬೆರಳಲ್ಲಿ ಗಟ್ಟಿ ಹಿಡಿದು, ಹಲ್ಲುಚಕ್ರವನ್ನು ತಡೆಯುವ ಪುಟ್ಟ ನಾಲಗೆಯನ್ನು ಸರಿಸಿ, ಗುಂಡಿ ಬೆರಳ ನಡುವೆ ಮೆಲ್ಲ ಮೆಲ್ಲ ಜಾರುವಂತೆ ಬಿಡಿ. ಬಲವಿದ್ದಾಗಲೇ ಕವಲನ್ನು ತೆಗೆದರೆ ಚಕ್ರಗಳೆಲ್ಲ ಭರ್ರನೆ ತಿರುಗಿ ಅಚ್ಚು ಮುರಿಯುತ್ತವೆ.

ಆಮೇಲೆ ಮುಳ್ಳು. ಡಯಲಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ಎರಡೂ ಕಡೆಯಿಂದ ಒಟ್ಟಿಗೆ ಎತ್ತಬೇಕು. ಡಯಲಿನ ಕಾಲುಗಳನ್ನು ಹಿಡಿದ ಸ್ಕ್ರೂಗಳು ತಟ್ಟೆಯ ಅಂಚಿನಲ್ಲಿರುತ್ತವೆ. ಸಡಿಲಿಸಿದ ಮೇಲೂ ಡಯಲು ಬಾರದಿದ್ದರೆ ಮೀಟಬೇಡಿ, ಇನ್ನೊಂದು ಸ್ಕ್ರೂ ಎಲ್ಲಿಯೋ ಇದೆ. ಎನಾಮಲ್ ಡಯಲು ಅಂದರೆ ತಾಮ್ರದ ತಗಡಿನ ಮೇಲೆ ಕರಗಿಸಿ ಹಿಡಿಸಿದ ಗಾಜು. ಮೀಟಿದರೆ ಬಿರಿಯುತ್ತದೆ.

ಮುಂದೆ ಬ್ಯಾಲೆನ್ಸ್ ಸೇತುವೆ, ಕವಲು, ಮೇಲಿನ ಹಲ್ಲುಚಕ್ರಗಳು, ದೊಡ್ಡ ಸೇತುವೆ, ಚಕ್ರಗಳು, ಸ್ಪ್ರಿಂಗಿನ ಡಬ್ಬಿ, ಈ ಕ್ರಮದಲ್ಲಿ. ಮೇಲಿನ ಎರಡು ಹಲ್ಲುಚಕ್ರಗಳಲ್ಲಿ ಗುಂಡಿಯ ಹತ್ತಿರದ್ದರ ಸ್ಕ್ರೂ ಸಾಮಾನ್ಯವಾಗಿ ತಿರುಮುರುಗು, ಬಲಕ್ಕೆ ತಿರುಗಿಸಿದರೆ ಬಿಚ್ಚುವುದು. ನಾನು ಮೊದಲ ಸಲ ಎಡಕ್ಕೆ ತಿರುಗಿಸಿ ತಲೆ ಹಾರಿಸಿದೆ. ಕಾಸರಗೋಡು ಪೇಟೆಯಲ್ಲಿ ನನಗೆ ಈ ಕೆಲಸ ತೋರಿಸಿಕೊಟ್ಟ ರಿಪೇರಿಯವರಿಗೆ ಆಗಲೇ ಎಪ್ಪತ್ತು ದಾಟಿತ್ತು. ತುಂಡಾದ ಸ್ಕ್ರೂವನ್ನು ಅಂಗೈಯಲ್ಲಿಟ್ಟು ನೋಡಿ, “ಮಾಷ್ಟ್ರೇ, ಬರದಿದ್ರೆ ಬಲ ಹಾಕೂದಲ್ಲ, ಆಚೆ ಬದಿಗೆ ತಿರುಗಿಸಿ ನೋಡೂದು,” ಅಂದರು. ಬದಲಿ ಸ್ಕ್ರೂ ಅವರ ಹಳೆಯ ಡಬ್ಬಿಯಲ್ಲೇ ಸಿಕ್ಕಿತು, ನನ್ನ ಪುಣ್ಯ.

ತೊಳೆಯುವುದು, ಎಣ್ಣೆ ಬಿಡುವುದು

ಹಳೆಯ ರಿಪೇರಿಯವರು ಪೆಟ್ರೋಲಿನಲ್ಲಿ ತೊಳೆಯುತ್ತಿದ್ದರು. ನಾನು ಲೈಟರಿಗೆ ತುಂಬುವ ನಾಫ್ತಾ ಉಪಯೋಗಿಸುತ್ತೇನೆ, ಕಿಟಕಿ ತೆರೆದು, ದೀಪ, ಒಲೆ ಯಾವುದೂ ಹತ್ತಿರವಿಲ್ಲದೆ. ಚಕ್ರ, ಸೇತುವೆ, ತಟ್ಟೆಗಳನ್ನು ಅದರಲ್ಲಿ ಅದ್ದಿ, ಮೆದು ಬ್ರಷ್ಷಿನಲ್ಲಿ ತೊಳೆದು, ಕಲ್ಲಿನ ತೂತುಗಳನ್ನು ಚೂಪು ಮಾಡಿದ ಮೆದು ಮರದ ಕಡ್ಡಿಯಿಂದ ತಿರುವಿ ತಿರುವಿ ಶುಚಿಮಾಡಬೇಕು. ಕಡ್ಡಿಯ ತುದಿ ಕಪ್ಪಾಗದೆ ಹೊರಗೆ ಬರುವ ತನಕ. ಒಂದು ತೂತಿಗೆ ಐದಾರು ಸಲ ಕಡ್ಡಿ ಚೂಪು ಮಾಡಬೇಕಾದೀತು. ಬೇಸರದ ಕೆಲಸವೇ ಸರಿ, ಆದರೆ ತೊಂಬತ್ತು ವರ್ಷದ ಎಣ್ಣೆ ಅರಗಿನ ಹಾಗೆ ಗಟ್ಟಿಯಾಗಿ ಕೂತಿರುವುದು ಅಲ್ಲೇ.

ಕವಲನ್ನೂ ಬ್ಯಾಲೆನ್ಸನ್ನೂ ಸ್ಪಿರಿಟ್ ಅಥವಾ ಆಲ್ಕೋಹಾಲಿನಲ್ಲಿ ನೆನೆಹಾಕಬೇಡಿ. ಅವುಗಳ ಕಲ್ಲುಗಳನ್ನು ಅಂಟಿಸಿರುವುದು ಅರಗಿನಿಂದ, ಅದು ಆಲ್ಕೋಹಾಲಿನಲ್ಲಿ ಕರಗುತ್ತದೆ. ನಾಫ್ತಾದಲ್ಲಿ ಒಮ್ಮೆ ಅದ್ದಿ ತೆಗೆದರೆ ಸಾಕು. ಕೈಗೆ ರಬ್ಬರಿನ ಬೆರಳುಚೀಲ ಹಾಕಿಕೊಳ್ಳಿ. ನಮ್ಮ ಕರಾವಳಿಯ ಬೆವರಿನ ಉಪ್ಪು ಉಕ್ಕಿನ ಮೇಲೆ ಬೆರಳಚ್ಚು ಮೂಡಿಸುತ್ತದೆ, ವಾರ ಕಳೆದ ಮೇಲೆ ಅದೇ ಅಚ್ಚು ತುಕ್ಕಾಗಿ ಕಾಣುತ್ತದೆ.

ಸ್ಪ್ರಿಂಗಿನ ಡಬ್ಬಿ ಬಿಚ್ಚಿ ನೋಡಿ. ಹಳೆಯ ನೀಲಿ ಉಕ್ಕಿನ ಸ್ಪ್ರಿಂಗು ಹೊರಗೆ ಬಂದ ಮೇಲೂ ಸುರುಳಿಯಾಗಿಯೇ ಮುದುಡಿ ಕೂತರೆ ಅದರಲ್ಲಿ ಬಲವಿಲ್ಲ ಅಂತ. ಅಗಲ, ದಪ್ಪ, ಉದ್ದ ಅಳೆದು ಅದೇ ಅಳತೆಯ ಹೊಸ ಮಿಶ್ರಲೋಹದ ಸ್ಪ್ರಿಂಗ್ ತರಿಸಿ ಹಾಕಿ. ದಪ್ಪ ಹೆಚ್ಚಿದ್ದರೆ ಜೋರಾಗಿ ನಡೆದೀತು ಅನ್ನುವ ಆಸೆ ಬೇಡ. ಬ್ಯಾಲೆನ್ಸ್ ಮಿತಿಮೀರಿ ಆಡಿ ಕವಲಿನ ಹಿಂಬದಿಗೆ ಬಡಿಯುತ್ತದೆ.

ಎಣ್ಣೆಯ ವಿಷಯದಲ್ಲಿ ಜಿಪುಣರಾಗಿ. ಹೊಲಿಗೆ ಮೆಷಿನಿನ ಎಣ್ಣೆ, ತೆಂಗಿನೆಣ್ಣೆ (ಹೌದು, ಬಿಟ್ಟವರನ್ನು ಕಂಡಿದ್ದೇನೆ) ಕೂಡದು. ವೇಗವಾಗಿ ತಿರುಗುವ ಸಣ್ಣ ಅಚ್ಚುಗಳಿಗೆ ಮೋಬಿಯಸ್ 9010ರಂಥ ತೆಳು ಎಣ್ಣೆ, ನಡುಚಕ್ರಕ್ಕೂ ಸ್ಪ್ರಿಂಗಿನ ಡಬ್ಬಿಯ ಅಚ್ಚಿಗೂ ದಪ್ಪ ಎಣ್ಣೆ, ರಾಡಿನ ಬುಡಕ್ಕೆ ಗ್ರೀಸು. ಕಲ್ಲಿನ ಬಟ್ಟಲು ಮೂರನೇ ಒಂದು ಪಾಲು ತುಂಬಿದರೆ ಸಾಕು, ತುಳುಕಿದರೆ ಎಣ್ಣೆ ಹರಿದು ಹೋಗಿ ಅಚ್ಚು ಒಣಗುತ್ತದೆ. ಕವಲಿನ ಅಚ್ಚುಗಳಿಗೆ ಎಣ್ಣೆ ಬೇಡ, ಅದರ ಕಲ್ಲುಗಳ ಮುಖಕ್ಕೆ ಮಾತ್ರ ಒಂದಿಷ್ಟು. ಹೇರ್‌ಸ್ಪ್ರಿಂಗಿಗೆ ಎಣ್ಣೆ ತಾಗಿತೋ, ಬ್ಯಾಲೆನ್ಸನ್ನು ಅತ್ತಿತ್ತ ಆಡಿಸುವ ಆ ಕೂದಲೆಳೆ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿ ವಾಚು ಗಂಟೆಗಟ್ಟಲೆ ಮುಂದೆ ಓಡುತ್ತದೆ. ಅಯಸ್ಕಾಂತ ತಾಗಿದರೂ ಹಾಗೆಯೇ. ಮೊಬೈಲಿನ ಸ್ಪೀಕರ್, ಬ್ಯಾಗಿನ ಅಯಸ್ಕಾಂತದ ಗುಂಡಿ ಇವುಗಳಿಂದ ದೂರವಿಡಿ.

ಡಯಲು ಮತ್ತು ಒಂದು ಎಚ್ಚರಿಕೆ

ಎನಾಮಲ್ ಡಯಲಿನ ಕೂದಲೆಳೆಯ ಬಿರುಕಿನಲ್ಲಿ ಕೂತ ಕಪ್ಪನ್ನು ಕಟ್ಟುಹಲ್ಲು ತೊಳೆಯುವ ಮಾತ್ರೆಯ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೆಗೆಯಬಹುದು. ಕಂಪೆನಿಯ ಹೆಸರನ್ನು ಮೇಲಿಂದ ಬಣ್ಣದಲ್ಲಿ ಬರೆದಿದ್ದರೆ ಅದು ಅಳಿಸಿಹೋದೀತು, ಅಂಥದ್ದಕ್ಕೆ ಬರಿಯ ಒದ್ದೆ ಹತ್ತಿ. ಲೋಹದ ಡಯಲಿಗೆ ಏನೂ ಮಾಡಬೇಡಿ. ಹಳೆಯ ಬೆಳ್ಳಿ ಬಣ್ಣದ ಡಯಲನ್ನು ಉಜ್ಜಿ ಅಂಕೆಗಳನ್ನೇ ಕಳೆದವರು ನನ್ನ ಪರಿಚಯದಲ್ಲೇ ಇದ್ದಾರೆ.

ಅಂಕೆಗಳ ಮೇಲೆ, ಮುಳ್ಳಿನ ಹೊಟ್ಟೆಯಲ್ಲಿ ಕಂದು ಹಳದಿ ಪುಡಿಯಂಥ ಲೇಪ ಕಂಡರೆ ಅದು ವಿಕಿರಣ ಸೂಸುವ ರೇಡಿಯಂ ಇರಬಹುದು. ಈಗ ಕತ್ತಲಲ್ಲಿ ಹೊಳೆಯುವುದಿಲ್ಲ ಅಂತ ಸುಮ್ಮನಿರಬೇಡಿ. ಸತ್ತದ್ದು ಹೊಳೆಯುವ ರಾಸಾಯನಿಕ ಮಾತ್ರ. ರೇಡಿಯಮ್ಮಿನ ಅರ್ಧಾಯುಸ್ಸು ಸುಮಾರು 1,600 ವರ್ಷ. ಕೆರೆಯಬೇಡಿ, ಊದಬೇಡಿ, ಅದರ ಪುಡಿ ಮೂಗಿಗೆ ಹೋಗಬಾರದು. ಅಂಥ ಡಯಲಿನ ವಾಚನ್ನು ನಾನು ಬಿಚ್ಚುವುದೇ ಇಲ್ಲ.

ಕೇಸಿಗೆ ಹಾಕುವುದು

ಜೋಡಿಸುವಾಗ ಬಿಚ್ಚಿದ ಕ್ರಮ ತಿರುಗುಮುರುಗು. ದೊಡ್ಡ ಸೇತುವೆ ಇಡುವಾಗ ಎಲ್ಲ ಚಕ್ರಗಳ ಅಚ್ಚೂ ಅದರದರ ತೂತಿಗೆ ಸೇರಿದ ಮೇಲೆ ಮಾತ್ರ ಸ್ಕ್ರೂ ಬಿಗಿಯಬೇಕು. ಬೆರಳಿನ ಭಾರ ಸಾಕು. “ಒತ್ಬೇಡಿ ಮಾಷ್ಟ್ರೇ, ಅದು ತಾನೇ ಕೂರ್ತದೆ” ಅನ್ನುತ್ತಿದ್ದರು ಆ ರಿಪೇರಿಯವರು. ಸೇರಿದಾಗ ಸೇತುವೆ ಕೂದಲೆಳೆಯಷ್ಟು ಕೆಳಗೆ ಇಳಿಯುವುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ.

ರಾಡಿನ ವಿಷಯ: ಕಿಸೆ ಗಡಿಯಾರದ ಮೂಲ ರಾಡನ್ನು ಕತ್ತರಿಸಬೇಡಿ. ಅದೇ ಮಾದರಿಯ ಇನ್ನೊಂದನ್ನು ಹುಡುಕಿ, ಇಲ್ಲವಾದರೆ ಮಾಡಿಸಿ. ಹೊಸ ಗುಂಡಿಯ ಮರೆ (ಸ್ಕ್ರೂವಿನಂಥ ಸುತ್ತುಗೆರೆ) ಹಳೆಯ ರಾಡಿನ ಮರೆಗೆ ಹೊಂದುವುದು ಅಪರೂಪ, ಎರಡನ್ನೂ ಒಟ್ಟಿಗೆ ತರಿಸುವುದು ಜಾಣತನ. ರಾಡನ್ನು ಉದ್ದವಾಗಿಯೇ ಹಾಕಿ, ಗುಂಡಿಗೂ ಕೇಸಿಗೂ ನಡುವೆ ಉಳಿದ ಸಂದಿ ಅಳೆದು, ಅದಕ್ಕಿಂತ ಸ್ವಲ್ಪ ಕಡಿಮೆ ಕತ್ತರಿಸಿ, ಆಮೇಲೆ ಸಾಣೆ ಹಿಡಿದು ಸರಿದೂಗಿಸಿ. ಹೆಚ್ಚು ಕತ್ತರಿಸಿದರೆ ಮತ್ತೆ ಅಂಟಿಸಲು ಬರುವುದಿಲ್ಲ.

ಮುಳ್ಳು ಕೂರಿಸಿ 12 ಗಂಟೆ ಪೂರ್ತಿ ತಿರುಗಿಸಿ ನೋಡಿ. ಒಂದಕ್ಕೊಂದು ತಾಗಬಾರದು, ಸೆಕೆಂಡಿನ ಮುಳ್ಳಿನ ಮೇಲಿಂದ ಗಂಟೆಯ ಮುಳ್ಳು ಹಾಯುವಾಗ ಸಂದಿ ಕಾಣಬೇಕು, ನಿಮಿಷದ ಮುಳ್ಳಿನ ಮೇಲೆ ಗಾಜಿಗೂ ಸಂದಿ ಬೇಕು. ಹಿಂಬದಿಗೆ ಗಾಜಿನ ಮುಚ್ಚಳವೇ ಇರಲಿ. ಹಳೆಯ ಸ್ವಿಸ್ ಸೇತುವೆಗಳ ಮೇಲಿನ ಅಲೆಯಲೆ ಗೆರೆ, ನೀಲಿ ಸ್ಕ್ರೂ, ಕೆಂಪು ಕಲ್ಲು ಇಷ್ಟು ವರ್ಷ ಬೆಳ್ಳಿ ಮುಚ್ಚಳದೊಳಗೆ ಯಾರ ಕಣ್ಣಿಗೂ ಬೀಳದೆ ಇದ್ದವು.

ಟೈಮಿಗೆ ಹಿಡಿಸುವುದು

ಟೈಮ್‌ಗ್ರಾಫರ್ ಎಂಬ, ಬಡಿತ ಕೇಳಿ ವೇಗ ಅಳೆಯುವ ಪುಟ್ಟ ಯಂತ್ರ ಇದ್ದರೆ ಕೆಲಸ ಸುಲಭ. ಈ ಮೆಷಿನುಗಳಲ್ಲಿ ಬಹುಪಾಲು ಗಂಟೆಗೆ 18,000 ಬಡಿತದವು. ಪೂರ್ತಿ ಕೀ ಕೊಟ್ಟು ಡಯಲು ಮೇಲೆ ಮಾಡಿ ಇಟ್ಟಾಗ ಬ್ಯಾಲೆನ್ಸ್ 250 ಡಿಗ್ರಿಯ ಮೇಲೆ ಆಡಿದರೆ ನನಗೆ ತೃಪ್ತಿ. 200ರ ಕೆಳಗೆ ಇಳಿದರೆ ಎಲ್ಲೋ ಕೊಳೆ ಉಳಿದಿದೆ, ಮತ್ತೆ ಬಿಚ್ಚಿ. ವೇಗ ತಿದ್ದುವ ಕಡ್ಡಿಯ ಪಕ್ಕ ಇಂಗ್ಲಿಷಿನ ‘ಎಫ್’, ‘ಎಸ್’ ಅಥವಾ ಫ್ರೆಂಚಿನ ‘ಎ’, ‘ಆರ್’ ಇರುತ್ತದೆ. ‘ಎ’ ಕಡೆಗೆ ಸರಿಸಿದರೆ ವೇಗ, ‘ಆರ್’ ಕಡೆಗೆ ನಿಧಾನ.

ಇಲ್ಲೊಂದು ಸ್ವಾರಸ್ಯ. ಕಿಸೆಯಲ್ಲಿದ್ದಾಗ ಗಡಿಯಾರ ಗುಂಡಿ ಮೇಲೆ ಮಾಡಿ ನಿಂತಿರುತ್ತದೆ, ರಾತ್ರಿ ಮೇಜಿನ ಮೇಲೆ ಮಲಗಿರುತ್ತದೆ. ಹಳೆಯವರು ಅದನ್ನು ಈ ಎರಡು ಭಂಗಿಗಳಿಗೆ ಹೊಂದಿಸಿದ್ದರು. ಎಡಗೈಗೆ ಕಟ್ಟಿ ಕೈ ಇಳಿಬಿಟ್ಟರೆ 3ರ ಗುಂಡಿ ನೆಲ ನೋಡುತ್ತದೆ, ಅಂದರೆ ಮೆಷಿನ್ ತಲೆಕೆಳಗಾಗಿದೆ. ಆದ್ದರಿಂದ ಡಯಲು ಮೇಲೆ, ಗುಂಡಿ ಕೆಳಗೆ, 12 ಮೇಲೆ, ಈ ಮೂರರಲ್ಲಿ ನೋಡಿ ಸರಾಸರಿಗೆ ತಿದ್ದಬೇಕು. ದಿನಕ್ಕೆ ಅರ್ಧ ನಿಮಿಷ, ಒಂದು ನಿಮಿಷ ಆಚೀಚೆ ಆದರೆ ನಾನು ತಕರಾರು ಮಾಡುವುದಿಲ್ಲ. ಸರಿಯಾದ ಟೈಮು ಮೊಬೈಲಿನಲ್ಲಿದೆ.

ಕಟ್ಟಿಕೊಂಡ ಮೇಲೆ

ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ, ಬಿಗಿ ತಾಗಿದಲ್ಲಿ ನಿಲ್ಲಿಸಿ. ನೀರು ತಾಗಿಸಬೇಡಿ, ಕೇಸಿಗೆ ಎಂಥ ರಬ್ಬರ್ ಬಳೆ ಹಾಕಿದರೂ ಈ ವಾಚು ಮಳೆಗಲ್ಲ. ಜೂನಿನಲ್ಲಿ ನನ್ನದು ಸಿಲಿಕಾ ಜೆಲ್ ಹಾಕಿದ ಡಬ್ಬಿಯೊಳಗೆ ಹೋದರೆ ಮತ್ತೆ ಹೊರಬರುವುದು ನವರಾತ್ರಿಗೆ.

ಬಿದ್ದ ಪೆಟ್ಟು, ಕುಲುಕಾಟ ತಡೆಯುವ ಸ್ಪ್ರಿಂಗಿನ ಕಲ್ಲುಗಳು, ಇಂಕಾಬ್ಲಾಕ್‌ನಂಥವು, ಬಳಕೆಗೆ ಬಂದದ್ದು 1930ರ ದಶಕದಿಂದ ಈಚೆಗೆ. ಹಳೆಯ ಕಿಸೆ ಗಡಿಯಾರದಲ್ಲಿ ಅವಿಲ್ಲ. ನಾನು ಮೊದಲು ಕಟ್ಟಿಕೊಂಡ 19 ಲೀನಿನ ಸವೊನೆಟ್ಟನ್ನು ಹಾಕಿಕೊಂಡು ಮುಳ್ಳೇರಿಯಾಕ್ಕೆ ಸ್ಕೂಟರಿನಲ್ಲಿ ಹೋಗಿದ್ದೆ. ರಸ್ತೆಯ ಹೊಂಡ ಹೇಗಿತ್ತೆಂದು ಬೇರೆ ಹೇಳಬೇಕಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ನೋಡಿದರೆ ಗಂಟೆ ಇನ್ನೂ ಹತ್ತೂಕಾಲು. ರಿಪೇರಿಯವರು ಹಿಂಬದಿಯ ಗಾಜಿನಿಂದಲೇ ಬ್ಯಾಲೆನ್ಸ್ ವಾಲಿದ್ದು ಕಂಡರು. “ಇದನ್ನು ಸ್ಕೂಟರಿಗೆ ಹತ್ತಿಸಿದ್ರಾ?” ಅಂದರು, ಮತ್ತೆ ಏನೂ ಅನ್ನಲಿಲ್ಲ. ಅದೇ ಮಾದರಿಯ ಇನ್ನೊಂದು ಸತ್ತ ಮೆಷಿನ್ ಸಿಕ್ಕಿ, ಅದರ ಬ್ಯಾಲೆನ್ಸ್ ಇದಕ್ಕೆ ಬರುವ ಹೊತ್ತಿಗೆ ಒಂದೂವರೆ ವರ್ಷ. ಈಗ ಸ್ಕೂಟರಿನಲ್ಲಿ ಹೋಗುವುದಾದರೆ ವಾಚು ಕಳಚಿ ಅಂಗಿಯ ಕಿಸೆಗೆ ಹಾಕಿಕೊಳ್ಳುತ್ತೇನೆ. ನಗಬೇಡಿ, ಅದು ಹುಟ್ಟಿದ ಜಾಗ ಅದೇ. ತೆಂಗಿನಕಾಯಿ ಸುಲಿಯುವಾಗ, ಕತ್ತಿ ಹಿಡಿದಾಗ, ಮಕ್ಕಳ ಜೊತೆ ಬ್ಯಾಟು ಹಿಡಿದಾಗಲೂ ಕಳಚಿಡಿ.

ಕೊನೆಯ ಕೆಲಸ ಒಂದಿದೆ, ಹೆಚ್ಚಿನವರು ಮಾಡುವುದಿಲ್ಲ. ತೆಗೆದಿಟ್ಟ ಹಳೆಯ ರಾಡು, ಹಳೆಯ ಗುಂಡಿ, ಬಲ ಹೋದ ಸ್ಪ್ರಿಂಗು, ಡಯಲು ಬದಲಿಸಿದ್ದರೆ ಮೂಲ ಡಯಲು, ಎಲ್ಲವನ್ನೂ ಮಾತ್ರೆಯ ಖಾಲಿ ಡಬ್ಬಿಗಳಲ್ಲಿ ಹತ್ತಿ ಹಾಕಿ ಇಡಿ. ಜೊತೆಗೊಂದು ಚೀಟಿ: ಮೆಷಿನಿನ ಮೇಲಿನ ನಂಬರು, ಯಾರ ಗಡಿಯಾರ, ಯಾವ ಭಾಗ ಬದಲಾಯಿತು, ಎಣ್ಣೆ ಬಿಟ್ಟ ತಿಂಗಳು. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ, ನಮ್ಮ ಮಳೆಗಾಲಕ್ಕೆ ಪೆನ್ನಿನ ಶಾಯಿ ಹರಡುತ್ತದೆ.